ಬಟ್ಟೆಯಲ್ಲಿ ಉಳಿದದ್ದು

ಎರಡು ಪದರ ಮಾಡಿದ ಬಿಳಿ ಬಟ್ಟೆಯನ್ನು ಹಂಡೆಯ ಬಾಯಿಗೆ ಹಾಸಿ, ನಡುವೆ ಕೊಂಚ ಗುಂಡಿ ಬೀಳುವಂತೆ ಒತ್ತಿ, ಪದ್ಮಲತಾ ಅರ್ಧ ಕೊಡ ನೀರು ಸುರಿದಾಗಿತ್ತು. ಹಿತ್ತಿಲ ಬಾಗಿಲಲ್ಲಿ ಬೆಳಕು ಮರೆಯಾಯಿತು. ಪಾತ್ರೆ ತೊಳೆಯಲು ಬರುವ ಹನುಮಮ್ಮ ಹೊಸಿಲಾಚೆಯೇ ನಿಂತು ಕೊಡವನ್ನು ನೋಡುತ್ತಿದ್ದಳು.

"ಎಲ್ಲಿ ನೀರು ಅಮ್ಮಾರೆ ಅದು?"

"ಅಕ್ಕನ ಕೊಳದ್ದು."

"ಕೊಡದಾಗೆ ತುಂಬ್ಕೊಂಡು ಬಂದ್ರಾ?"

"ಮತ್ತೆ ಸೆರಗಲ್ಲಿ ತುಂಬ್ಕೊಂಡು ಬರ್ಲಾ?"

ಹನುಮಮ್ಮ ನಗಲಿಲ್ಲ. "ಅಲ್ಲೇ ಕೂತು ಬೊಗಸೇಲಿ ಕುಡುದ್ರೆ ಏನೂ ಇಲ್ಲ. ದನ ಕುಡೀತವೆ, ನಾನೂ ಕುಡ್ದಿದೀನಿ. ಆದ್ರೆ ಮೆಟ್ಲು ಹತ್ತಿಸಿ ಮನೆಗೆ ತರಂಗಿಲ್ಲ. ಆ ನೀರಾಗೆ ಒಬ್ಳನ್ನ ಕಟ್ಟಾಕವ್ರೆ."

"ಯಾರನ್ನ?"

"ಯಾವ್ದೋ ದೊಡ್ಡಮನೆ ಸೊಸೆಯಂತೆ. ಹಬ್ಬ ಆಗ್ಲಿ, ಮದ್ವೆ ಆಗ್ಲಿ, ಬಂದೋರ್ಗೆಲ್ಲ ನೀರು ಹೊರೋಳು ಅವ್ಳೇ. ಅವ್ಳ್ಗೆ ಮಾತ್ರ ಎಲ್ರುದೂ ಆದ್ಮ್ಯಾಕೆ ಒಂದು ಗುಟ್ಕು. ಬ್ಯಾಸ್ಗೇಲಿ ಒಂದಿನ ಕೊಡ ಹೊತ್ಕೊಂಡೇ ಬಿದ್ದೋದ್ಲು. ಎದ್ದೋಳು ಸೀದಾ ಮಾಟಗಾರನತ್ರ ಹೋದ್ಲು. ತನ್ನ ತಲೆಕೂದ್ಲು, ಆ ಮನೆ ಅಡುಗೆ ಉಪ್ಪು ಎರಡೂ ಕರೀಬಟ್ಟೇಲಿ ಕಟ್ಸಿ ಕೊಳಕ್ಕೆ ಬಿಟ್ಲು. ಅದ್ರ ಹಿಂದೇನೇ ತಾನೂ ಮುಳುಗೋದ್ಲು. ಆ ಮನೇರು ನೀರು ಕುಡ್ದೂ ಕುಡ್ದೂ ಸತ್ರು. ಆಮ್ಯಾಕೆ ಯಾರೋ ತಿಳ್ದೋನು ಬಂದು ನಾಕು ದಿಕ್ಕಿಗೂ ಕಟ್ಟು ಹಾಕ್ದ. ಈಗ ತಾನಾಗಿ ಮೆಟ್ಲು ಹತ್ತಾಕಾಗಲ್ಲ ಅವ್ಳ ಕೈಲಿ. ಯಾರಾನ ಕರ್ಕೊಂಡು ಬರ್ಬೇಕು."

ಪದ್ಮಲತಾ ಉಳಿದ ನೀರನ್ನೂ ಬಟ್ಟೆಯ ಮೇಲೆ ಸುರಿದಳು. ಬೆಳಗಿನಿಂದ ಸೊಂಟ ನೋಯುತ್ತಿತ್ತು.

"ಬಂದ್ರೆ ಬರ್ಲಿ ಬಿಡು ಹನುಮಮ್ಮ. ಈ ಕಾಯಿ ತುರಿದುಕೊಡ್ತಾಳೆ. ಈ ಮನೇಲಿ ಇನ್ನೊಂದು ಕೈ ಬೇಕೇ ಬೇಕು."

ಹನುಮಮ್ಮ ಹಾಗೇ ಹಿಂದಕ್ಕೆ ಸರಿದಳು. ಆ ದಿನ ಆ ಕೊಡವನ್ನು ಅವಳು ತೊಳೆಯಲಿಲ್ಲ.

ಪದ್ಮಲತೆಯ ಗಂಡ ಜಿನರಾಜ ಮೈಸೂರಿನ ಕಾಲೇಜೊಂದರಲ್ಲಿ ಇತಿಹಾಸದ ಮೇಷ್ಟ್ರು. ಹಿಂದಿನ ವರ್ಷ, ಎಪ್ಪತ್ತೇಳರಲ್ಲಿ, ಹೊಯ್ಸಳರ ಗುಡಿಗಳನ್ನು ನೋಡಲು ಬಂದಿದ್ದ ಇಟಲಿಯ ವಿದ್ವಾಂಸನೊಬ್ಬ ಅವನ ಕೈಗೆ ಒಂದು ದಪ್ಪ ಪುಸ್ತಕ ಕೊಟ್ಟುಹೋಗಿದ್ದ. ಆ ದೇಶದ ಗುಡ್ಡಗಳ ಮೇಲಿನ ಹಳೆಯ ಊರುಗಳನ್ನು ಕುರಿತ ಪುಸ್ತಕ. ಒಂದು ಪುಟದಲ್ಲಿ ಕೋಟೆಯ ಗೋಡೆ, ಅದರ ಮಗ್ಗುಲಲ್ಲೇ ಒಣಗಿದ ರೊಟ್ಟಿಯಿಂದ ಮಾಡುವ ಸಾರು. ಇನ್ನೊಂದು ಪುಟದಲ್ಲಿ ಇಗರ್ಜಿಯ ಗೋಪುರ, ಅದರ ಕೆಳಗೆ ದ್ರಾಕ್ಷಿ ಒಣಗಿಸುವ ಮುದುಕಿ. ಜಿನರಾಜನಿಗೆ ಅದು ತಲೆಗೆ ಹತ್ತಿತು. ಬೇಲೂರು, ಹಳೇಬೀಡು, ಅರಸೀಕೆರೆ, ಹಾರನಹಳ್ಳಿ ಇವುಗಳ ಮೇಲೆ ಯಾಕೆ ಹಾಗೊಂದು ಪುಸ್ತಕ ಬರಬಾರದು? ಗುಡಿ, ಮನೆ, ಕೊಳ, ಊಟ ಎಲ್ಲ ಒಟ್ಟಿಗೆ. ಬೇಸಿಗೆ ರಜೆ ಬರುತ್ತಲೇ ಮಗಳು ಚಂದ್ರಪ್ರಭಾಳನ್ನು ಅಜ್ಜಿಯ ಮನೆಯಲ್ಲಿ ಬಿಟ್ಟು, ಹೆಂಡತಿಯನ್ನೂ ಅಳತೆಯ ಟೇಪನ್ನೂ ಕ್ಯಾಮೆರಾವನ್ನೂ ಕಟ್ಟಿಕೊಂಡು ಹಳೇಬೀಡಿನ ಬಸದಿ ಬೀದಿಯಲ್ಲಿದ್ದ ಸೋದರತ್ತೆಯ ಮನೆಗೆ ಬಂದಿಳಿದ.

"ಕಲ್ಲು ನನ್ನದು, ಅಡುಗೆ ನಿನ್ನದು," ಎಂದು ಕೆಲಸ ಹಂಚಿದ್ದ. ಹಂಚಿದ್ದು ಮಾತಿನಲ್ಲಿ ಮಾತ್ರ. ಟೇಪಿನ ಇನ್ನೊಂದು ತುದಿ ಹಿಡಿಯುವವಳೂ ಅವಳೇ, ಅವನು ಗೀಚಿದ್ದನ್ನು ಚೊಕ್ಕ ಮಾಡಿ ಬರೆಯುವವಳೂ ಅವಳೇ, ಮಾತಾಡಲು ಬಂದವರಿಗೆಲ್ಲ ತಿಂಡಿ ಮಾಡುವವಳೂ ಅವಳೇ. ಮುನ್ನುಡಿಯ ಕೊನೆಯ ಸಾಲಿನಲ್ಲಿ 'ನನ್ನ ಧರ್ಮಪತ್ನಿ' ಎಂದು ತಾನು ಬರುತ್ತೇನೆಂಬುದು ಅವಳಿಗೆ ಗೊತ್ತಿತ್ತು. ಅದರ ಬಗ್ಗೆ ಸಿಟ್ಟೂ ಇರಲಿಲ್ಲ. ಸಿಟ್ಟಿಗೂ ಸ್ವಲ್ಪ ತ್ರಾಣ ಬೇಕು.

ಕೊಳದ ನೀರಿನ ಕತೆ ಹುಟ್ಟಿದ್ದು ಅರಸೀಕೆರೆಯ ತೆಂಗಿನ ವ್ಯಾಪಾರಿ ಷಡಕ್ಷರಪ್ಪನವರಿಂದ. ಹಿಂದೆಲ್ಲ ಮದುವೆಯ ಅಡುಗೆಯವರು ಹುಲಿಕೆರೆ ರಸ್ತೆಯ ಬದಿಯ ಅಕ್ಕನ ಕೊಳದಿಂದ ನೀರು ತರಿಸಿ ಹೆಸರುಬೇಳೆ ಹುಗ್ಗಿ ಮಾಡುತ್ತಿದ್ದರಂತೆ, ಬೇಳೆ ಬೆಣ್ಣೆಯ ಹಾಗೆ ಕರಗುತ್ತಿತ್ತಂತೆ. ಜಿನರಾಜ ಮರುದಿನವೇ ಬಾಡಿಗೆ ಜೀಪು ಮಾಡಿದ. ಕೊಳ ಚಿಕ್ಕದು, ಚೊಕ್ಕದು. ನಾಲ್ಕೂ ಕಡೆ ಮೆಟ್ಟಿಲು, ಮೆಟ್ಟಿಲುಗಳ ನಡುನಡುವೆ ಮೊಣಕಾಲೆತ್ತರದ ಗೂಡುಗಳು. ಒಳಗಿದ್ದ ದೇವರುಗಳು ಎಂದೋ ಹೋಗಿ, ಈಗ ಪ್ರತಿ ಗೂಡಿನಲ್ಲೂ ಒಂದೊಂದು ಮಸಿ ಬಳಿದ ಕಲ್ಲು. ಜಿನರಾಜ ಫೋಟೋ ತೆಗೆದ. ಪದ್ಮಲತಾ ಕೊಡ ತುಂಬಿದಳು. ಜೀಪು ಇಬ್ಬರನ್ನೂ ಕೊಡವನ್ನೂ ಬಾಗಿಲಲ್ಲಿ ಇಳಿಸಿ ಬೇಲೂರಿಗೆ ಹೋಯಿತು.

ಈಗ ನೀರೆಲ್ಲ ಸೋಸಿ ಮುಗಿದು ಬಟ್ಟೆ ಅವಳ ಕೈಯಲ್ಲಿತ್ತು.

ಈ ಬಟ್ಟೆಯನ್ನು ಹಿಂಡುವ ಹಾಗಿಲ್ಲ. ಕಣ್ಣಿಗೆ ಕಾಣದ ಎಷ್ಟೋ ಜೀವಗಳು ಅದರಲ್ಲಿ ಉಳಿದಿರುತ್ತವೆ. ಮೆಲ್ಲಗೆ ಮಗುಚಿ ಹಿಡಿದು, ಮೇಲಿನಿಂದ ಸೋಸಿದ ನೀರನ್ನೇ ಬಿಟ್ಟು, ಅವುಗಳನ್ನು ಎಲ್ಲಿಂದ ಬಂದವೋ ಅಲ್ಲಿಗೇ ತಲುಪಿಸಬೇಕು. ಬಾವಿಯದನ್ನು ಬಾವಿಗೆ, ಕೆರೆಯದನ್ನು ಕೆರೆಗೆ. ಒಂದು ನೀರಿನ ಜೀವ ಇನ್ನೊಂದು ನೀರಿಗೆ ಬೀಳಬಾರದು. ಲಂಗ ಉಡುವ ವಯಸ್ಸಿನಲ್ಲಿ ತಾಯಿ ಕಲಿಸಿದ್ದು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಪದ್ಮಲತಾ ಒಮ್ಮೆಯೂ ತಪ್ಪಿದವಳಲ್ಲ.

ಅವಳು ಹೊರಗೆ ನೋಡಿದಳು. ಬಿಸಿಲು ಅಂಗಳದ ಕಲ್ಲಿನ ಮೇಲೆ ಕುದಿಯುತ್ತಿತ್ತು. ಜೀಪು ಇಲ್ಲ. ಒಂದು ಬಟ್ಟೆ ಜಾಲಾಡಲು ಹುಲಿಕೆರೆ ರಸ್ತೆಯವರೆಗೂ ನಡೆದುಹೋಗಿ ಬರುವುದು ಎಂದುಕೊಂಡಾಗಲೇ ಕಾಲು ಸೋತವು. ಅಂಗಳಕ್ಕೆ ಚೆಲ್ಲಿದರೆ ಅಷ್ಟೂ ಜೀವ ಸಾಯುತ್ತವೆ. ಬಾವಿಯಾದರೆ ನೀರಾದರೂ ಇದೆ. ಬದುಕಿಕೊಳ್ಳಲಿ.

ಬಟ್ಟೆಯನ್ನು ಹಿತ್ತಿಲ ಬಾವಿಯ ಬಕೆಟ್ಟಿನಲ್ಲಿ ಮಗುಚಿ, ಹಗ್ಗ ಇಳಿಬಿಟ್ಟಳು. ಬಟ್ಟೆಯಿಂದ ಒಂದು ವಾಸನೆ ಎದ್ದಿತು. ಎಣ್ಣೆ ಹಚ್ಚಿ ನೆನೆದ ತಲೆಗೂದಲಿನ ವಾಸನೆ. ಬಕೆಟ್ಟು ನೀರು ಮುಟ್ಟಿದಾಗ ಕೆಳಗಿನಿಂದ ಯಾರೋ ಒಂದು ಗುಟುಕು ನುಂಗಿದಂಥ ಸದ್ದು ಬಂತು.

ಹುಗ್ಗಿ ಚೆನ್ನಾಗಿಯೇ ಆಯಿತು. ಷಡಕ್ಷರಪ್ಪನವರು ಮಧ್ಯಾಹ್ನದ ಬಸ್ಸಿಗೆ ಬಂದು ಉಂಡು, "ನಮ್ಮಜ್ಜಿ ಕೈರುಚಿ ಕಣ್ರೀ," ಎಂದು ಹೊಗಳಿ ಹೋದರು. ಯಾರಿಗೂ ಏನೂ ಆಗಲಿಲ್ಲ. ಕುದಿದ ನೀರಲ್ಲಿ ಏನು ತಾನೇ ಉಳಿದೀತು?

ಸೋದರತ್ತೆ ಶೀಲಾವತಿಗೆ ಅದು ಶುರುವಾದದ್ದು ಮರುದಿನ ಸಂಜೆ.

ಜಗಲಿಯ ಮೇಲೆ ಜಪ ಮಾಡುತ್ತ ಕೂತಿದ್ದವರು ಮಣಿ ಬಿಟ್ಟು ಗಂಟಲು ಹಿಡಿದುಕೊಂಡರು. "ಯಾಕೋ ಒಣಗ್ತಾ ಇದೆ ಕಣೇ ಪದ್ಮಾ. ಸಾರಿಗೆ ಉಪ್ಪು ಹೆಚ್ಚಾಗಿತ್ತಾ?"

"ಇಲ್ವಲ್ಲ ಅತ್ತೆ. ನೀರು ತರ್ಲಾ?" ಎಂದವಳು ನಾಲಿಗೆ ಕಚ್ಚಿಕೊಂಡಳು. ಸೂರ್ಯ ಮುಳುಗಿದ ಮೇಲೆ ಅತ್ತೆ ಒಂದು ತೊಟ್ಟು ನೀರನ್ನೂ ಇಳಿಸುವವರಲ್ಲ. ಗಂಡ ತೀರಿಕೊಂಡ ವರ್ಷ ಹಿಡಿದ ವ್ರತ.

ಆಗ ಹಿತ್ತಿಲಿನಿಂದ ರಾಟೆಯ ಸದ್ದು. ಅವಳು ಹೋಗಿ ನೋಡಿದಳು. ಜಿನರಾಜ ಬಾವಿಕಟ್ಟೆಯ ಮೇಲೆ ನಿಂತು ಬಕೆಟ್ಟಿಗೇ ಬಾಯಿ ಹಚ್ಚಿ ಕುಡಿಯುತ್ತಿದ್ದ. ಅಂಗಿಯ ಎದೆಯೆಲ್ಲ ತೊಯ್ದಿತ್ತು. "ಎಂಥ ಸೆಖೆ," ಎಂದ. ಉಸಿರು ತೆಗೆದುಕೊಂಡು ಮತ್ತೆ ಕುಡಿದ.

ಹಗಲೆಲ್ಲ ಎಲ್ಲ ಸರಿಯಿರುತ್ತಿತ್ತು. ಸಂಜೆ ಇಳಿಯುತ್ತಲೇ ಅದು ಬರುತ್ತಿತ್ತು. ಅದೇ ಬಾವಿಯ ನೀರು ಸೇದುತ್ತಿದ್ದ ಪಕ್ಕದ ಮನೆಯ ಪುಷ್ಪದಂತಯ್ಯನವರ ಕರು ಒಂದು ಬೆಳಿಗ್ಗೆ ಬಾನಿಯಲ್ಲಿ ತಲೆ ಮುಳುಗಿಸಿಕೊಂಡೇ ಸತ್ತುಬಿದ್ದಿತ್ತು. ಹೊಟ್ಟೆ ನಗಾರಿಯಂತೆ ಉಬ್ಬಿತ್ತು. ಕುಡಿಯುವವರೆಲ್ಲ ಕುಡಿದು ಕುಡಿದು ಹೇಗೋ ಸಂಜೆ ಕಳೆಯುತ್ತಿದ್ದರು. ಕುಡಿಯದವರು ಒಬ್ಬರೇ. ಹಗಲು ಎಷ್ಟೇ ಕುಡಿದಿದ್ದರೂ ದೀಪ ಹಚ್ಚುವ ಹೊತ್ತಿಗೆ ಅತ್ತೆಯ ತುಟಿ ಬಿರಿದು ರಕ್ತ ಒಸರುತ್ತಿತ್ತು, ನಾಲಿಗೆ ಊದಿ ಹಲ್ಲಿಗೆ ತಗಲುತ್ತಿತ್ತು. ಹಾಸನದ ಡಾಕ್ಟರು ಪರೀಕ್ಷೆ ಮಾಡಿಸಿ ಸಕ್ಕರೆ ಕಾಯಿಲೆಯಲ್ಲ ಎಂದರು. ಏನು ಎಂದು ಹೇಳಲಿಲ್ಲ. ಹೀಗೇ ಇನ್ನು ನಾಲ್ಕಾರು ದಿನ ನಡೆದರೆ ಕಷ್ಟ ಎಂದು ಮಾತ್ರ ಜಿನರಾಜನನ್ನು ಪಕ್ಕಕ್ಕೆ ಕರೆದು ಹೇಳಿದರು.

"ಬಾಯಿ ತೆಗೆಸಿ ಚಮಚದಲ್ಲಿ ಹಾಕೇ," ಎಂದ ಜಿನರಾಜ. "ಪ್ರಾಣಕ್ಕಿಂತ ವ್ರತ ಹೆಚ್ಚಾ?"

ಪದ್ಮಲತಾ ಚಮಚ ಹಿಡಿದು ಹತ್ತಿರ ಕೂತಳು. ಅತ್ತೆ ಹಲ್ಲು ಕಚ್ಚಿ ಮುಖ ತಿರುಗಿಸಿದರು. ಆಮೇಲೆ ಹೇಳಿದರು: "ಈ ಮನೇಲಿ ಎಲ್ಲಾ ಬೇರೆಯವರು ಇಟ್ಟಿದ್ದು. ಇದೊಂದೇ ನಾನು ಇಟ್ಕೊಂಡಿರೋದು. ಬಿಡಿಸ್ಬೇಡ ಮಗಾ."

ಮದುವೆಯಾಗಿ ಬಂದ ಹೊಸತರಲ್ಲಿ ಆ ದೊಡ್ಡ ಸಂಸಾರದಲ್ಲಿ 'ನಿಂದು ಊಟ ಆಯ್ತಾ' ಎಂದು ಕೇಳಿದವರು ಇವರೊಬ್ಬರೇ. ಪದ್ಮಲತಾ ಚಮಚದ ನೀರನ್ನು ಲೋಟಕ್ಕೆ ಸುರಿದಳು.

ಅತ್ತೆಯ ಕಣ್ಣು ಮುಚ್ಚಿತ್ತು. ತುಟಿ ಮಾತ್ರ ಅಲುಗಿತು. ಧ್ವನಿ ಅವರದಾಗಿರಲಿಲ್ಲ.

"ಎಲ್ರುದೂ ಆಯ್ತು. ನಂದೊಂದು ಉಳೀತು."

ಅಡುಗೆಮನೆಯ ಕತ್ತಲಿನಿಂದ ನೆನೆದ ಕೂದಲಿನ ವಾಸನೆ ಬಂದು ಇಬ್ಬರ ನಡುವೆ ಕೂತಿತು.

ಮರುದಿನ ಬೆಳಿಗ್ಗೆ ಹನುಮಮ್ಮ ಬಾವಿಕಟ್ಟೆಯಿಂದ ದೂರವೇ ನಿಂತು ಕೇಳಿದಳು. "ಹುಗ್ಗಿ ಉಂಡೋರ್ಗೆ ಹಿಂಗಾಗಕಿಲ್ಲ. ಷಡಕ್ಷರಪ್ಪೋರು ಚೆನ್ನಾಗವ್ರೆ, ನೋಡ್ಕೊಂಡು ಬಂದ್ರು ನಮ್ಮ ಮನೇರು. ನೀವು ಇನ್ನೇನು ಮಾಡುದ್ರಿ?"

"ಸೋಸಿದ ಬಟ್ಟೆ ಬಾವೀಲಿ ಜಾಲಾಡ್ದೆ."

"ಅಯ್ಯೋ ತಾಯಿ." ಹನುಮಮ್ಮ ಕೂತುಬಿಟ್ಟಳು. "ಚೆಲ್ಲಿದ್ರೆ ಒಣಗೋಗೋದು. ನೀವು ಕೈ ಹಿಡ್ದು ಕರ್ಕೊಂಡು ಬಂದು ಮನೆ ತೋರ್ಸಿದಂಗಾಯ್ತು."

"ಈಗೇನು ಮಾಡೋದು?"

"ನಮ್ಮತ್ತೆ ಹೇಳೋರು. ನಿಜವೋ ಸುಳ್ಳೋ, ನಾ ಕಂಡಿಲ್ಲ. ತಂದ ಕೈಯೇ ತಕ್ಕೊಂಡೋಗ್ಬೇಕು, ಅದೇ ಬಟ್ಟೇಲಿ. ಹೊತ್ತು ಮುಳುಗೋದ್ರೊಳ್ಗೆ ಕೊಳಕ್ಕೆ ಇಳ್ಸಬೇಕು. ದಾರಿಲಿ ನೀರು ಕೇಳ್ತದಂತೆ. ಕೊಡಬಾರ್ದು."

"ಕೊಟ್ರೆ?"

"ಕೊಟ್ಟೋರ ಗಂಟ್ಲಾಗೇ ಕೂತ್ಕೊಂತದೆ. ಕಡೇಗಂಟ. ಬ್ಯಾರೇರಿಗೆ ದಾಟಿಸಿದ್ರೆ ಮಾತ್ರ ಬಿಡುಗಡೆ. ದೀಪ ಹಚ್ಚಿದ ಮ್ಯಾಲೆ ನಿಮ್ಮ ಕೈಯಿಂದ ಯಾರು ನೀರು ಇಸ್ಕೊಂಡು ಕುಡೀತಾರೋ, ಅವ್ರಿಗೆ." ಎದ್ದು ಸೆರಗು ಕೊಡವಿದಳು. "ನಾನೂ ಬತ್ತಿದ್ದೆ. ಮೊಮ್ಮಗಳು ಎಳೇ ಬಾಣಂತಿ. ಬರಕಿಲ್ಲ."

ಆ ಮಾತಿನಲ್ಲಿ ಪದ್ಮಲತೆಗೆ ತಪ್ಪೇನೂ ಕಾಣಲಿಲ್ಲ.

ಮಧ್ಯಾಹ್ನ ಮನೆಯವರೆಲ್ಲ ಮಲಗಿದ್ದಾಗ ಅವಳು ಬಾವಿಯ ನೀರು ಸೇದಿ ಸೇದಿ ಅದೇ ಬಟ್ಟೆಯಲ್ಲಿ ಸೋಸಿದಳು. ತಿಳಿನೀರು. ಬಟ್ಟೆ ಬೆಳ್ಳಗೇ ಇತ್ತು. ಸೇದಿದಳು, ಸೋಸಿದಳು. ಅಂಗೈಯ ಚರ್ಮ ಕಿತ್ತುಬಂತು. ಬಿಸಿಲು ಹಿತ್ತಿಲ ಗೋಡೆ ಏರುವ ಹೊತ್ತಿಗೆ ಬಟ್ಟೆಯ ನಡುವಿನ ಗುಂಡಿಯಲ್ಲಿ ಒಂದು ಎಳೆ ಕಾಣಿಸಿತು. ಕರಿಯ, ಉದ್ದನೆಯ ಕೂದಲು. ಇನ್ನೊಂದು ಕೊಡ ಸುರಿದಾಗ ಒಂದು ಹಿಡಿ ಇತ್ತು. ಅದು ನೀರಿನ ಸೆಳವಿಲ್ಲದೆ ತಾನಾಗಿ ಸುತ್ತಿಕೊಂಡು ಬಟ್ಟೆಯ ನಡುವೆ ಮಲಗಿತು. ಅವಳು ನಾಲ್ಕು ತುದಿ ಸೇರಿಸಿ ಗಂಟು ಹಾಕಿ, ಸ್ವಲ್ಪ ನೀರಿದ್ದ ಹಿತ್ತಾಳೆಯ ಕೊಡದೊಳಗೆ ಇಳಿಸಿ, ಸೊಂಟಕ್ಕೇರಿಸಿದಳು.

ಬೀದಿಯ ತಿರುವಿನಲ್ಲಿ ಜಿನರಾಜ ಎದುರಾದ. "ಸರಿಯಾಗಿ ಸಿಕ್ದೆ. ಬಾ, ಕಂಬದ ಅಳತೆ ಒಂದು ಬಾಕಿ ಇದೆ. ಬೆಳಕು ಈಗ ಚೆನ್ನಾಗಿ ಬೀಳುತ್ತೆ."

"ಆಮೇಲೆ ಮಾಡೋಣ್ರೀ."

"ಐದು ನಿಮಿಷ ಕಣೇ. ಟೇಪು ಯಾರು ಹಿಡೀತಾರೆ, ನಾನೇ ಎರಡೂ ಕಡೆ ನಿಲ್ಲಕ್ಕಾಗುತ್ತಾ?"

ಬೇಡ ಎನ್ನುವುದಕ್ಕೆ ಕಾರಣ ಹೇಳಬೇಕು. ಕಾರಣ ಹೇಳಿದರೆ ನಗುತ್ತಾನೆ. ನಗು ಮುಗಿಯುವ ಹೊತ್ತಿಗೆ ಹತ್ತು ನಿಮಿಷವಾಗುತ್ತದೆ. ಅವಳು ಹೋಗಿ ಕೊಡವನ್ನು ಬಸದಿಯ ನೆಲದ ಮೇಲಿಟ್ಟು ಟೇಪು ಹಿಡಿದಳು.

ಒಳಗೆ ತಂಪು, ಬಾವಲಿಯ ವಾಸನೆ. ಕರಿಕಲ್ಲಿನ ಕಂಬಗಳನ್ನು ಅದೆಷ್ಟು ನುಣುಪು ಮಾಡಿದ್ದರೆಂದರೆ ಎದುರು ನಿಂತವರ ಮುಖ ಕಾಣುತ್ತಿತ್ತು. ಪದ್ಮಲತಾ ಕಂಬದಲ್ಲಿ ತನ್ನ ಬಿಂಬವನ್ನು ನೋಡಿದಳು. ಸೋತ ಹೆಗಲು. ಕೈಯಲ್ಲಿ ಟೇಪು. ಹಿಂದೆ ನೆಲದ ಮೇಲೆ ಕೊಡ. ಕೊಡದ ಪಕ್ಕದಲ್ಲಿ ಯಾರೋ ಕುಕ್ಕರಗಾಲಲ್ಲಿ ಕೂತಿದ್ದರು. ಒದ್ದೆ ಕೂದಲು ಕೊಡದ ಸುತ್ತ ಇಳಿಬಿದ್ದಿತ್ತು. ಮುಖ ಕೊಡದ ಒಳಗಿತ್ತು.

ಟೇಪು ಕೈಜಾರಿತು.

"ನೆಟ್ಟಗೆ ಹಿಡಿಯಕ್ಕೆ ಏನಾಗಿದೆ ನಿಂಗೆ?"

ತಿರುಗಿ ನೋಡಿದರೆ ಕೊಡ ಮಾತ್ರ. ಕೆಳಗಿನ ಕಲ್ಲು ಒದ್ದೆಯಾಗಿತ್ತು. ಕೊಡದಲ್ಲಿದ್ದ ನೀರು ಆರಿಹೋಗಿತ್ತು. ಅವಳು ಕೊಡ ಎತ್ತಿಕೊಂಡು ಹೊರಟಳು.

"ಎಲ್ಲಿಗೆ?"

"ನೀರಿಗೆ," ಎಂದಳು, ನಿಲ್ಲದೆ.

ಊರು ದಾಟುವವರೆಗೆ ಕೊಡ ಹಗುರವಾಗಿತ್ತು. ರಾಗಿ ಹೊಲದ ಕೂಳೆಗಳ ನಡುವಿನ ಕಾಲುದಾರಿಗೆ ಇಳಿದಾಗ ಭಾರವಾಯಿತು. ಖಾಲಿ ಕೊಡ. ಆದರೂ ತುಂಬಿದ ಕೊಡದಂತೆ ಸೊಂಟ ಕೊರೆಯಿತು. ಸೂರ್ಯ ತೆಂಗಿನ ತಲೆಗಳ ಮೇಲಿದ್ದ. ಹಕ್ಕಿ ಕೂಗುತ್ತಿರಲಿಲ್ಲ. ದೂರದ ರಸ್ತೆಯಲ್ಲಿ ಅರೇಹಳ್ಳಿ ಬಸ್ಸು ಹಾರ್ನ್ ಮಾಡಿಕೊಂಡು ಹೋಯಿತು. ಆಮೇಲೆ ಅದೂ ಇಲ್ಲ.

"ಅವ್ವ."

ಸೊಂಟದ ಬಳಿಯಿಂದಲೇ ಬಂತು. ಹೆದರಿಸುವ ಧ್ವನಿಯಲ್ಲ. ಮದುವೆಮನೆಯ ಹಿಂಬಾಗಿಲಲ್ಲಿ ಕೊನೆಯ ಪಂಕ್ತಿ ಏಳುವವರೆಗೂ ಗೋಡೆಗೊರಗಿ ಕಾಯುವ ಹೆಂಗಸಿನ ಧ್ವನಿ.

"ಒಂದ್ ಗುಟ್ಕು ಅವ್ವ."

ಪದ್ಮಲತಾ ಹೆಜ್ಜೆ ಬೀಸಿದಳು.

"ಎಲ್ರುದೂ ಆಯ್ತಲ್ಲ."

ಕಾಲಿಗೆ ಮುಳ್ಳು ಚುಚ್ಚಿತು. ನಿಲ್ಲಲಿಲ್ಲ. ತನ್ನ ಗಂಟಲೂ ಒಣಗುತ್ತಿತ್ತು. ಉಗುಳು ನುಂಗಿದಳು. ಉಗುಳೂ ಇರಲಿಲ್ಲ.

"ನೀನೂ ಕಡೇಗೇ ಕುಡಿಯೋಳಲ್ವಾ?"

ಓಡಿದಳು. ಕೊಡ ಸೊಂಟದಿಂದ ಜಾರಿತು. ಎರಡೂ ಕೈಯಲ್ಲಿ ಎದೆಗವಚಿಕೊಂಡಳು. ಹಿತ್ತಾಳೆ ಮೈಗೆ ತಣ್ಣಗೆ ತಾಗಿತು. ಒಳಗೆ ಏನೋ ಮಗ್ಗುಲಾಯಿತು. ಸೂರ್ಯ ತೆಂಗಿನ ಸೋಗೆಗಳ ಕೆಳಗಿಳಿದ. ಕೊಳ ಕಂಡಿತು. ಮೆಟ್ಟಿಲು. ಗೂಡುಗಳಲ್ಲಿ ಮಸಿ ಬಳಿದ ಕಲ್ಲುಗಳು. ಇಳಿದಳು. ಕಾಲು ಜಾರಿತು. ಮತ್ತೆ ಇಳಿದಳು.

ಗಂಟು ಬಿಚ್ಚಿ ಬಟ್ಟೆಯನ್ನು ನೀರಿನಲ್ಲಿ ಮಗುಚಿದಳು. ಕೂದಲು ಬಿಡಲಿಲ್ಲ. ಜಾಲಾಡಿದಳು. ಬಿಡಲಿಲ್ಲ. ನೀರಿನಾಳಕ್ಕೆ ಎಳೆಯುವ ಬದಲು ಅದು ಮೇಲಕ್ಕೆ ಎಳೆಯುತ್ತಿತ್ತು, ಅವಳ ಮುಂಗೈಗೆ ಸುತ್ತಿಕೊಂಡು, ಮೊಣಕೈಯವರೆಗೆ. ನೀರು ಅಲುಗುತ್ತಿರಲಿಲ್ಲ. ಅದರಲ್ಲಿ ಆಕಾಶ ಕೆಂಪಾಗಿತ್ತು. ಕೆಂಪು ಒಂದೊಂದೇ ಮೆಟ್ಟಿಲು ಬಿಟ್ಟು ಮೇಲೇರುತ್ತಿತ್ತು. ಮೇಲಿನ ಮೆಟ್ಟಿಲು ದಾಟಿದರೆ ಮುಗಿಯಿತು. ಅತ್ತೆ ಈಗ ಹಾಸಿಗೆಯ ಮೇಲೆ ಹಲ್ಲು ಕಚ್ಚಿ ಮಲಗಿರುತ್ತಾರೆ.

"ಹೋಗು," ಎಂದಳು. "ಹೋಗಮ್ಮ. ಇಷ್ಟೊಂದು ನೀರಿದೆಯಲ್ಲ."

"ನಾನೇ ತಕ್ಕೊಂಡ್ರೆ ನೀಗಕಿಲ್ಲ ಅವ್ವ. ಯಾರಾನ ಕೊಡಬೇಕು. ಒಬ್ರೂ ಕೊಡಲಿಲ್ಲ."

ಕೊಳದಲ್ಲಿ ಇಷ್ಟು ವರ್ಷ ಮುಳುಗಿದ್ದೂ ಬಾಯಾರಿದ್ದವಳು. ಯಾರೋ ಬಂದು ನಾಲ್ಕು ದಿಕ್ಕಿಗೆ ಕಲ್ಲು ನೆಟ್ಟುಹೋದನಂತೆ. ಅವನೂ ಒಂದು ಬೊಗಸೆ ಕೊಟ್ಟು ನೋಡಲಿಲ್ಲ.

ಪದ್ಮಲತೆಗೆ ಭಯ ಹೋಗಿರಲಿಲ್ಲ. ಆದರೆ ಎಳೆದಾಡುವ ಶಕ್ತಿ ತೀರಿತ್ತು. ಬಲಗೈಯನ್ನು ಬಿಡಿಸಿಕೊಳ್ಳಲಾಗದೆ ಎಡಗೈಯಲ್ಲೇ ನೀರು ತುಂಬಿ, ಬಟ್ಟೆಯ ಮೇಲೆ ಹಿಡಿದಳು.

"ತಗೋ."

ತಣ್ಣನೆಯ ತುಟಿಗಳು ಅಂಗೈ ಮುಟ್ಟಿದವು. ಕಿತ್ತುಬಂದ ಚರ್ಮದ ಮೇಲೆ ನಾಲಿಗೆ ಆಡಿತು. ಒಂದು ಗುಟುಕು. ಇನ್ನೊಂದು. ಕೂದಲು ಸಡಿಲವಾಯಿತು. ಬಟ್ಟೆ ಒಮ್ಮೆಲೇ ಹಗುರಾಗಿ ನೀರಿನ ಮೇಲೆ ತೇಲಿತು, ಬರೀ ಬಿಳಿ ಬಟ್ಟೆ. ಮೇಲಿನ ಮೆಟ್ಟಿಲಿನಿಂದ ಬೆಳಕು ಹೋಯಿತು.

ಅದೇ ಗಳಿಗೆಗೆ ಅವಳ ಗಂಟಲೊಳಗೆ ಏನೋ ತಣ್ಣಗೆ ಇಳಿದು, ಕೂತು, ಒಣಗಿತು.

ಮನೆಗೆ ಬಂದಾಗ ಅತ್ತೆ ಗಾಢ ನಿದ್ದೆಯಲ್ಲಿದ್ದರು. ಬೆಳಿಗ್ಗೆ ಎದ್ದು, ಬಿಸಿಲು ಬಂದ ಮೇಲೆ ಒಂದು ಲೋಟ ನೀರು ಕುಡಿದು, "ಸಾಕಪ್ಪ," ಎಂದರು. ಸಾಕು ಎಂಬ ಮಾತನ್ನು ಆ ಮನೆಯಲ್ಲಿ ಎಷ್ಟೋ ದಿನದ ಮೇಲೆ ಕೇಳಿದ್ದು. ಜಿನರಾಜ ಡಾಕ್ಟರ ಮಾತ್ರೆಯನ್ನು ಹೊಗಳಿದ. ಪುಷ್ಪದಂತಯ್ಯನವರು ಬಾವಿಗೆ ಸುಣ್ಣ ಹಾಕಿಸಿದ್ದು ಒಳ್ಳೆಯದಾಯಿತು ಎಂದರು. ಹನುಮಮ್ಮ ಪದ್ಮಲತೆಯ ಮುಖವನ್ನು ಒಂದು ಸಲ ನೋಡಿದಳು. "ದಾರಿಲಿ ಏನಾನ ಕೇಳ್ತಾ?" ಎಂದಳು.

"ಇಲ್ಲ," ಎಂದಳು ಪದ್ಮಲತಾ.

ಹಗಲು ಕಳೆಯಿತು. ಸಂಜೆ ಇಳಿಯಿತು. ಮಾರನೆಯ ದಿನ ಬೇಲೂರಿಗೆ ಹೊರಡುವುದಿತ್ತು. ಅವಳು ಅಡುಗೆಮನೆಯಲ್ಲಿ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಾಗ ಅತ್ತೆ ನಡುಮನೆಯಲ್ಲಿ ದೀಪ ಹಚ್ಚಿದರು. ಬಾಯಾರಿಕೆ ಬಂತು. ತುಟಿಯಿಂದ ಶುರುವಾಗಿ ಹೊಕ್ಕುಳವರೆಗೆ ಬೂದಿ ಸುರಿದಂತೆ. ಎರಡು ಲೋಟ ಕುಡಿದಳು. ನೀರು ಗಂಟಲಿನವರೆಗೆ ಹೋಗಿ ಅಲ್ಲಿ ಇನ್ಯಾರಿಗೋ ಸಂದಿತು. ಹೀಗಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕಡೇಗಂಟ ಎಂದರೆ ಎಷ್ಟು ಸಂಜೆ ಎಂಬುದು ಮಾತ್ರ ಈಗ ತಿಳಿಯತೊಡಗಿತ್ತು.

"ಪದ್ಮಾ," ಜಗಲಿಯಿಂದ ಜಿನರಾಜನ ಧ್ವನಿ. "ಪುಷ್ಪದಂತಯ್ಯನವರು ಬಂದಿದ್ದಾರೆ. ನಂಗೊಂದು ಲೋಟ ನೀರು ತಾ."

ಕೈ ತನ್ನಷ್ಟಕ್ಕೆ ಲೋಟ ತೆಗೆಯಿತು. ತನ್ನಷ್ಟಕ್ಕೆ ಹಂಡೆಗೆ ಅದ್ದಿತು. ನಡುಮನೆಯವರೆಗೆ ಬಂದು ನಿಂತಳು. ಗಂಟಲೊಳಗಿನದು ಏನೂ ಹೇಳಲಿಲ್ಲ. ಅದು ಒಂದು ಗುಟುಕಿನ ಹೊರತು ಏನನ್ನೂ ಕೇಳಿದ್ದಿಲ್ಲ. ಮಾತಾಡಿದ್ದು ಅವಳದೇ ಮನಸ್ಸು. ಇಷ್ಟೇ, ಎಂದಿತು. ಹೊಸದಾಗಿ ಏನೂ ಮಾಡಬೇಕಿಲ್ಲ. ದಿನಾ ಕೊಡುವಂತೆ ಕೊಟ್ಟುಬಿಡು. ಯಾರಿಗೆ ತಿಳಿಯುತ್ತದೆ? ಕೊಳದ ಬಳಿಯೂ ಅವಳಿಗೆ ಇಷ್ಟು ಹೆದರಿಕೆ ಆಗಿರಲಿಲ್ಲ.

"ಪದ್ಮಾ, ಎಷ್ಟು ಹೊತ್ತು?"

ಲೋಟದ ನೀರನ್ನು ಹಂಡೆಗೆ ಸುರಿಯದೆ ಬಚ್ಚಲಿಗೆ ಚೆಲ್ಲಿ ಬಂದಳು. ಲೋಟ ಬೋರಲು ಹಾಕಿದಳು.

"ಹಂಡೆ ಒಳಗಿದೆ. ಬಂದು ತಗೊಳ್ಳಿ," ಎಂದಳು.

ಜಗಲಿಯಲ್ಲಿ ಪುಷ್ಪದಂತಯ್ಯನವರು ಕೆಮ್ಮಿದರು. ಜಿನರಾಜ ಒಳಗೆ ಬಂದ. ಮುಖ ಕೆಂಪಾಗಿತ್ತು. "ಹೊರಗಿನವರ ಎದುರಿಗೆ ಏನೇ ಇದು? ಒಂದು ಲೋಟ ನೀರು ಕೊಡಕ್ಕೂ ಆಗದಷ್ಟು ಏನು ಬಂದಿದೆ?"

"ಸುಸ್ತಾಗಿದೆ."

ಅವನು ಲೋಟ ಹುಡುಕಿದ. ಕಣ್ಣೆದುರೇ ಇದ್ದುದು ಅವನಿಗೆ ಬೇಗ ಸಿಗಲಿಲ್ಲ. ಹಂಡೆಗೆ ಬಾಗಿ, ನೆಲಕ್ಕೆಲ್ಲ ಚೆಲ್ಲಿ, ನಿಂತೇ ಗಟಗಟ ಕುಡಿದ. ಸಾಕಾಗಿ ಬಾಯಿ ಒರೆಸಿಕೊಂಡ. ಅವಳು ಗೋಡೆಗೊರಗಿ ಅವನ ಗಂಟಲು ಏರಿಳಿಯುವುದನ್ನು ನೋಡಿದಳು.

"ದಿನಾ ಹೀಗೇನಾ ಇನ್ನು?" ಎಂದ, ಚುಚ್ಚುವಂತೆ.

ಅವನು ಹೋದ ಮೇಲೆ ನೆಲದ ನೀರನ್ನು ಒರೆಸಿ, ಚೀಲದ ಬಾಯಿ ಕಟ್ಟಿದಳು. ಮೈಸೂರಿನ ಮನೆಯಲ್ಲಿ ಕುಡಿಯುವ ನೀರು ಅಡುಗೆಮನೆಯ ಮೂಲೆಯಲ್ಲಿರುತ್ತದೆ, ಅವಳ ಕೈಯ ಅಳತೆಯಲ್ಲಿ. ಅದನ್ನು ನಡುಮನೆಗೆ ತರಬೇಕು, ಎಲ್ಲರ ಕೈಗೆ ಸಿಗುವ ಹಾಗೆ. ಚಂದ್ರಪ್ರಭಾ ಜ್ವರ ಬಂದರೆ ರಾತ್ರಿ ಎದ್ದು ಅಮ್ಮಾ ನೀರು ಎನ್ನುವ ಹುಡುಗಿ. ಅವಳ ತಲೆದೆಸೆಯಲ್ಲಿ ಬೆಳಕಿರುವಾಗಲೇ ಒಂದು ಚೊಂಬು ತುಂಬಿಸಿಡಬೇಕು. ಅಳಲಿ, ಸಿಟ್ಟು ಮಾಡಿಕೊಳ್ಳಲಿ, ಅಮ್ಮ ಕಲ್ಲಾದಳು ಎನ್ನಲಿ. ದೀಪ ಹಚ್ಚಿದ ಮೇಲೆ ಈ ಕೈಯಿಂದ ಯಾರಿಗೂ ನೀರಿಲ್ಲ.

"ಪದ್ಮಾ," ಎಂದರು ಅತ್ತೆ ನಡುಮನೆಯಿಂದ, "ಆಯ್ತೇನೇ ನಿಂದು?"

"ಆಯ್ತು ಅತ್ತೆ," ಎಂದಳು.